ಹದಿನೇಳನೆಯ ಗೋಲಾ

ಗೋಲಾ ಅಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಡುವೆ ನಿಂತು ಪಾಠ ಮಾಡುವುದು ನನ್ನಿಂದಾಗದ ಕೆಲಸ. ದೊಡ್ಡ ಮೋಸಂಬಿಯಷ್ಟಿರುವ ಲೋಹದ ಗುಂಡು ಅದು. ಮೈಮೇಲೆ ಎರಡು ಸ್ಟೇಷನ್ನುಗಳ ಅಕ್ಷರ, ಒಂದು ನಂಬರು ಕೊರೆದಿರುತ್ತದೆ. ನಮ್ಮ ಕಡೆ ಒಂದೇ ಹಳಿಯಿದ್ದ ಕಾಲದಲ್ಲಿ ಒಂದು ಸ್ಟೇಷನ್ನಿನಿಂದ ಮುಂದಿನದಕ್ಕೆ ಗಾಡಿ ಹೊರಡಬೇಕಾದರೆ ಡ್ರೈವರನ ಹತ್ತಿರ ಈ ಗುಂಡು ಇರಲೇಬೇಕಿತ್ತು. ಎರಡೂ ಸ್ಟೇಷನ್ನಿನಲ್ಲಿ ಒಂದೊಂದು ಕೆಂಪು ಮಶೀನು, ನಡುವೆ ತಂತಿ. ಒಂದು ಮಶೀನು ಒಂದು ಗೋಲಾ ಹೊರಗೆ ಕೊಟ್ಟಿತೆಂದರೆ, ಅದು ಇನ್ನೊಂದರ ಹೊಟ್ಟೆಗೆ ಬೀಳುವವರೆಗೆ ಎರಡೂ ಬಾಯಿ ಮುಚ್ಚಿಕೊಂಡು ಕೂಡುತ್ತವೆ. ಮತ್ತೊಂದು ಗೋಲಾ ಬರುವುದಿಲ್ಲ, ಮತ್ತೊಂದು ಗಾಡಿ ಹೊರಡುವುದಿಲ್ಲ.

ನೌಕರಿಯುದ್ದಕ್ಕೂ ಈ ಮಶೀನುಗಳ ರಿಪೇರಿ ಮಾಡಿದವನು ನಾನು. ಈಗ ನಿವೃತ್ತ. ಕುಡಚಿಯಲ್ಲಿ ಮನೆ, ಹಿತ್ತಲಿನಲ್ಲಿ ತಗಡಿನ ಶೆಡ್ಡು, ಅದರಾಚೆ ಕಬ್ಬು, ಕಬ್ಬಿನಾಚೆ ಹಳಿ. ಈಗ ಹಳಿ ಎರಡಾಗಿವೆ, ಮೇಲೆ ಕರೆಂಟಿನ ತಂತಿ ಬಂದಿದೆ, ಗೋಲಾ ಕೇಳುವವರಿಲ್ಲ. ನನ್ನನ್ನೂ ಕೇಳುವವರಿಲ್ಲ ಅಂತ ಸಿಟ್ಟು ಮಾಡಿಕೊಂಡು ಫ್ಯಾನು, ಮಿಕ್ಸರು ರಿಪೇರಿ ಮಾಡುತ್ತ ಕೂತಿದ್ದೆ.

ಕಬ್ಬು ಕಡಿಯುವ ದಿನಗಳಲ್ಲಿ ನಿಪ್ಪಾಣಿಯ ಒಬ್ಬ ತಂಬಾಕಿನ ಸಾವಕಾರರು ಟೆಂಪೋದಲ್ಲಿ ಗೋಣಿತಟ್ಟು ಸುತ್ತಿದ ಎರಡು ಮಶೀನು ತಂದು ಶೆಡ್ಡಿನ ಮುಂದೆ ಇಳಿಸಿದರು. ಗುಜರಿ ಹರಾಜಿನಲ್ಲಿ ಹಿಡಿದಿದ್ದರಂತೆ. ಹೊಸ ಮನೆ ಕಟ್ಟಿಸಿದ್ದರು.

"ಮೇಸ್ತ್ರಿ, ಎರಡೂ ಚಾಲೂ ಆಗಬೇಕ್ ನೋಡ್ರಿ. ಒಂದು ಕೆಳಗ ಅಡಿಗಿಮನ್ಯಾಗ, ಒಂದು ಮ್ಯಾಲ ನನ್ನ ಖೋಲ್ಯಾಗ. ನನಗ ಚಹಾ ಬೇಕಾತಂದ್ರ ಎರಡು ಗಂಟಿ ಹೊಡ್ಯಾಂವ."

"ಸಾವಕಾರ್ರ, ಎರಡು ಗಂಟಿ ಅಂದ್ರ 'ಲೈನ್ ಖಾಲಿ ಐತೇನು' ಅಂತ ಕೇಳಿದಂಗ್ರಿ."

"ಬರೋಬ್ಬರಿ ಆತಲ್ರಿ! ಒಲಿ ಖಾಲಿ ಐತೇನು ಅಂತ ಕೇಳೂದು ಅದು."

ಇಬ್ಬರೂ ನಕ್ಕೆವು. ಅವರು ಹೋದ ಮೇಲೆ ಗೋಣಿತಟ್ಟು ಬಿಚ್ಚಿ ಮೊದಲನೆಯ ಮಶೀನಿನ ಮುಚ್ಚಳ ತೆಗೆದೆ. ಒಳಗೆ ಕಣಜದ ಮಣ್ಣುಗೂಡು, ಹಲ್ಲಿಯ ತತ್ತಿಯ ಸಿಪ್ಪೆ, ಹಳೆಯ ಗ್ರೀಸಿನ ನಾತ. ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಅಕ್ಷರಗಳಿದ್ದವು. ಮಶೀನು ಬಿಚ್ಚಿ ಸ್ವಚ್ಛ ಮಾಡಿದವನು ತಾರೀಖು ಬರೆದು ಸಹಿ ಹಾಕುವುದು ನಮ್ಮ ರೂಢಿ. ಆ ಸೊಟ್ಟ ಅಕ್ಷರ ನನ್ನದೇ. ಇಪ್ಪತ್ತೈದು ವರ್ಷದ ಹುಡುಗನಾಗಿದ್ದಾಗ ನಾನೇ ಬರೆದದ್ದು.

ಜಗತ್ತಿನಲ್ಲಿ ಇಷ್ಟು ಗುಜರಿ ಬಿದ್ದಿದೆ, ಇದೇ ಜೋಡಿ ನನ್ನ ಹಿತ್ತಿಲಿಗೇ ಬರಬೇಕೇ? ಎರಡೂ ಮಶೀನಿನ ಗೋಲಾಗಳನ್ನು ತೆಗೆದು ಎಣಿಸಿದೆ. ಈ ಜೋಡಿಗೆ ಮೂವತ್ತಾರು. ಮೂವತ್ತೈದು ಸಿಕ್ಕವು. ಹದಿನೇಳು ಇರಲಿಲ್ಲ. ಅದು ಇರುವುದಿಲ್ಲವೆಂದು ಎಣಿಸುವ ಮೊದಲೇ ನನಗೆ ಗೊತ್ತಿತ್ತು. ಜಗತ್ತಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಹೇಳಿಬಿಡುತ್ತೇನೆ. ಆಗ ನಾನು ಕೃಷ್ಣಾ ನದಿಯ ಹತ್ತಿರದ ಒಂದು ಸಣ್ಣ ಸ್ಟೇಷನ್ನಿನಲ್ಲಿದ್ದೆ. ಹೆಸರು ಬರೆಯುವುದಿಲ್ಲ. ಮಶೀನಿನೊಳಗೆ ಗೋಲಾಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು. ಮುಚ್ಚಳ ತೆಗೆಯಬೇಕಾದರೆ ಸ್ಟೇಷನ್ ಮಾಸ್ತರರಿಗೆ ಹೇಳಿ, ಆ ಕಡೆಯ ಸ್ಟೇಷನ್ನಿಗೆ ತಿಳಿಸಿ, ಪುಸ್ತಕದಲ್ಲಿ ಬರೆದು, ಸೀಲು ಒಡೆಯಬೇಕು. ಅರ್ಧ ದಿನ ಹಾಳು. ನಮ್ಮ ಕೆಲವರಲ್ಲಿ ಒಂದು ಕಳ್ಳ ದಾರಿ ಇತ್ತು. ಅದಕ್ಕೆ ಕಿಸೆಗೋಲಾ ಅನ್ನುತ್ತಿದ್ದೆವು. ಮಾಸ್ತರರು ಊಟಕ್ಕೆ ಎದ್ದಾಗ ಸದ್ದಿಲ್ಲದೆ ಮುಚ್ಚಳ ತೆಗೆದು, ಮೇಲಿನ ಒಂದು ಗೋಲಾ ಎತ್ತಿ ಕಿಸೆಯಲ್ಲಿಟ್ಟುಕೊಂಡರೆ ಉಳಿದವು ಸಡಿಲಾಗುತ್ತವೆ. ಎಣ್ಣೆ ಬಿಡುವುದು, ಕಿಸೆಯದನ್ನು ವಾಪಸು ಹಾಕುವುದು, ಮುಚ್ಚಿ ಹೊಸ ಸೀಲು ಒತ್ತುವುದು. ಕೀಲಿಯೂ ನನ್ನ ಹತ್ತಿರ, ಸೀಲಿನ ಇಕ್ಕಳವೂ ನನ್ನ ಹತ್ತಿರ. ಹತ್ತು ನಿಮಿಷದ ಕೆಲಸ.

ಅವತ್ತು ಎಣ್ಣೆ ಬಿಡುವಷ್ಟರಲ್ಲಿ ದೂರದ ಸಿಗ್ನಲ್ಲಿನ ತಂತಿ ಹರಿದಿದೆ ಅಂತ ಕೂಗು ಬಂತು. ಗಡಿಬಿಡಿಯಲ್ಲಿ ಮುಚ್ಚಿ, ಸೀಲು ಒತ್ತಿ ಓಡಿದೆ. ಓಡುವಾಗ ತೊಡೆಗೆ ಬಡಿಯುತ್ತಿದ್ದ ಭಾರವನ್ನು ತೆಗೆದು ಹತಾರದ ಚೀಲಕ್ಕೆ ಹಾಕಿದ್ದೇನೆ. ಅದು ಗೋಲಾ ಎಂಬ ಎಚ್ಚರವೇ ಇರಲಿಲ್ಲ.

ಮರುದಿನ ಎಣಿಕೆಯಲ್ಲಿ ಒಂದು ಕಡಿಮೆ ಬಂತು. ಹಿಂದಿನ ದಿನ ಬೆಳಿಗ್ಗೆ ಗೂಡ್ಸ್ ಗಾಡಿಯಿಂದ ಬಂದಿದ್ದ ಹದಿನೇಳು. ಗಾಡಿ ಓಡುತ್ತಿರುವಾಗಲೇ ಡ್ರೈವರ್ ಗೋಲಾದ ಚರ್ಮದ ಚೀಲವನ್ನು ಕೆಳಗೆ ಎಸೆಯುತ್ತಿದ್ದ. ಹಳಿ ತಿರುಗಿಸುವ ಆಳು, ಅಂದರೆ ಪಾಯಿಂಟ್ಸ್‌ಮನ್, ಅದನ್ನು ಎತ್ತಿ ತಂದು, ಗೋಲಾ ತೆಗೆದು, ನಂಬರು ಕೂಗುತ್ತಿದ್ದ. ಮಾಸ್ತರರೇ ಕೈಯಾರೆ ಅದನ್ನು ಮಶೀನಿಗೆ ಹಾಕಬೇಕು ಅಂತ ನಿಯಮ. ನಮ್ಮಲ್ಲಿ ಮಾಸ್ತರರು ತಲೆ ಎತ್ತದೆ ನಂಬರು ಬರೆದುಕೊಳ್ಳುತ್ತಿದ್ದರು, ಹಾಕುವವನು ಪಾಯಿಂಟ್ಸ್‌ಮನ್. ಅವತ್ತಿನ ಪಾಯಿಂಟ್ಸ್‌ಮನ್ ಕುಡಚಿಯವರೇ. ನನಗಿಂತ ಹದಿನೈದು ವರ್ಷ ದೊಡ್ಡವರು. ಎಲ್ಲರ ಹಾಗೆ ನಾನೂ ಅವರನ್ನು ಚಾಚಾ ಅನ್ನುತ್ತಿದ್ದೆ. ಅವರು "ಸತ್ರಾ!" ಅಂತ ಕೂಗಿದ್ದರು. ಮಾಸ್ತರರು ಹದಿನೇಳು ಅಂತ ಬರೆದಿದ್ದರು.

ಸುದ್ದಿ ಕೇಳಿದೊಡನೆ ತೊಡೆಗೆ ಬಡಿದ ಭಾರ ನೆನಪಾಯಿತು. ಮನೆಗೆ ಹೋಗಿ ಚೀಲ ಬೋರಲು ಹಾಕಿದರೆ ಉರುಳಿ ಬಂತು, ಹದಿನೇಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ಹಳಿಯ ಪಕ್ಕ ಒಗೆದು ಬಂದಿದ್ದರೂ ಯಾರಿಗಾದರೂ ಸಿಗುತ್ತಿತ್ತು, ಅಷ್ಟೂ ಬುದ್ಧಿ ಓಡಲಿಲ್ಲ ನನ್ನ ಹಾಳು ತಲೆಗೆ. ಬೆಳಕು ಹರಿಯುವ ಹೊತ್ತಿಗೆ ಸೇತುವೆಯ ಮೇಲೆ ಹೋಗಿ ಕೃಷ್ಣೆಗೆ ಎಸೆದೆ. ಗುಳುಕ್ ಅಂತ ಒಂದು ಸಣ್ಣ ಸಪ್ಪಳ ಬಂತು, ಅಷ್ಟೇ.

ಅಷ್ಟಕ್ಕೇ ನಿಂತಿದ್ದರೂ ಬೇರೆ ಮಾತಾಗುತ್ತಿತ್ತು. ವಾರದ ಮೇಲೆ ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಗೋಲಾ ಬೀಳದೆ ಈ ಮಶೀನಿನ ಹಿಡಿಕೆ ತಿರುಗಿ ಲೈನು ಮತ್ತೆ ಖಾಲಿ ಅಂತ ಆಗುತ್ತದೆಯೇ? ಆಗುವುದಿಲ್ಲ ಅನ್ನುವುದು ಸತ್ಯ. ಆದರೆ ಆಗುವುದಿಲ್ಲ ಅಂದರೆ ಚಾಚಾ ಗೋಲಾ ಹಾಕಿದ್ದು ನಿಜ ಅಂತಾಗುತ್ತದೆ, ಹಾಗಾದರೆ ಒಳಗಿನದನ್ನು ಹೊರತೆಗೆದವರು ಯಾರು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಕೀಲಿ ಇದ್ದದ್ದು ನನ್ನ ಹತ್ತಿರ. ನಾನು ಹೇಳಿದೆ, "ಹೌದ್ರಿ ಸಾಹೇಬ್ರ, ಲಾಕು ಸವದೈತ್ರಿ. ಗೋಲಾ ಇಲ್ಲದನೂ ಒಮ್ಮೊಮ್ಮೆ ತಿರಗತೈತಿ."

ಚಾಚಾನನ್ನು ಸ್ಟೇಷನ್ನಿನ ಕೆಲಸದಿಂದ ತೆಗೆದು ಹಳಿ ಜಲ್ಲಿಯ ಗ್ಯಾಂಗಿಗೆ ಹಾಕಿದರು. ಮಂದಿ ಅವರಿಗೆ "ಗೋಲಾ ನುಂಗಿದಂವ" ಅಂತ ಹೆಸರಿಟ್ಟರು. ಚಹಾದಂಗಡಿಯಲ್ಲಿ ಹೊಟ್ಟೆ ಮುಟ್ಟಿ ನೋಡಿ ನಗುತ್ತಿದ್ದರು. ಮೊದಮೊದಲು ಅವರು ಜಗಳಕ್ಕೆ ನಿಲ್ಲುತ್ತಿದ್ದರು. "ಕೈಯಾಗ ಇತ್ತಪಾ, ನಂಬರ್ ನೋಡೇ ಕೂಗೀನಿ." ಬರಬರುತ್ತ ಆ ಮಾತು ಬದಲಾಯಿತು. ಒಂದು ದಿನ ನನ್ನ ಮುಂದೆಯೇ ಅಂದರು, "ತಮ್ಮಾ, ದಿನಾ ಕೂಗಿ ಕೂಗಿ ರೂಢಿ ಆಗಿರತೈತಿ. ಚೀಲ ಖಾಲಿ ಇದ್ರೂ ಬಾಯಿ ಕೂಗೇತೇನೋ. ನನ್ನ ಕೈ ನನಗ ಸುಳ್ಳು ಹೇಳೇತೇನೋ." ಚೀಲದಿಂದ ಗೋಲಾ ದಾರಿಯಲ್ಲೇ ಎಲ್ಲೋ ಬಿದ್ದಿರಬೇಕೆಂದು ಅಂದಿನಿಂದ ಹುಡುಕಲು ಹತ್ತಿದರು. ಬಿದ್ದ ಗೋಲಾ ಬಿದ್ದ ಜಾಗದಲ್ಲಿ ಸಿಕ್ಕರೆ ತಪ್ಪು ಯಾರದೆಂದು ಗೊತ್ತಾಗುತ್ತದಲ್ಲ. ನಲವತ್ತು ವರ್ಷವಾಯಿತು. ಈಗ ಎಂಬತ್ತು ದಾಟಿದ್ದಾರೆ. ಈಗಲೂ ಕೋಲು ಹಿಡಿದು ಹಳಿಯ ಅಂಚಿನ ಹುಲ್ಲು, ಜಲ್ಲಿ ಕೆದರುತ್ತ ಹೋಗುತ್ತಾರೆ.

ಸಾವಕಾರರು ತಂದಿಳಿಸಿದ ದಿನವೇ ಆ ಮಶೀನಿನ ಲಾಕನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡಿದೆ. ಒಂದು ಕೂದಲಿನಷ್ಟೂ ಸವೆದಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಎರಡು ದಿನ ಶೆಡ್ಡಿನ ಕಡೆ ಹೋಗಲಿಲ್ಲ. ಆಮೇಲೆ ಹೋದೆ. ಕೈ ಕೇಳಬೇಕಲ್ಲ. ಹಿತ್ತಾಳೆ ತಿಕ್ಕಿದೆ, ಸುರುಳಿಗಳಿಗೆ ಹೊಸ ತಂತಿ ಸುತ್ತಿದೆ, ಗಂಟೆಯ ಸುತ್ತಿಗೆ ನೆಟ್ಟಗೆ ಮಾಡಿದೆ. ಒಂದು ಮಶೀನು ಶೆಡ್ಡಿನಲ್ಲಿ, ಇನ್ನೊಂದನ್ನು ಹಿತ್ತಲ ಖೋಲಿಯಲ್ಲಿ ಇಟ್ಟು ನಡುವೆ ತಂತಿ ಎಳೆದು ಬ್ಯಾಟರಿ ಕೊಟ್ಟೆ. ಹೆಂಡತಿಯನ್ನು ಆ ಕಡೆ ಕೂಡಿಸಿ ಪರೀಕ್ಷೆ ಮಾಡಿದೆ. ನಾನು ಒಂದು ಹೊಡೆದರೆ ಆಕೆ ಒಂದು ಹೊಡೆಯಬೇಕು. ಬಂದ ಗಂಟೆಗೆ ಅಷ್ಟೇ ಗಂಟೆ ಹೊಡೆದು ಉತ್ತರ ಕೊಡುವುದು ಈ ಮಶೀನಿನ ಕಟ್ಟಳೆ.

"ಈ ವಯಸ್ಸಿನ್ಯಾಗ ನನ್ನ ಕೂಡ ಗಂಟಿ ಆಟ ಆಡಾಕತ್ತೀರಿ?" ಅಂದಳು ನಮ್ಮಾಕಿ. ಆದರೂ ಚೊಕ್ಕ ಹೊಡೆದಳು.

ನಾಲ್ಕು ದಿನ ಬಿಟ್ಟು ಆಕೆ ಅಥಣಿಗೆ ತಂಗಿಯ ಮನೆಗೆ ಹೋದಳು. ಮಟಮಟ ಮಧ್ಯಾಹ್ನ. ಎದುರಿನ ಕಬ್ಬಿನ ಗದ್ದೆ ಕಡಿದು, ಉಳಿದ ಒಣ ಸೋಗೆಗೆ, ರವದಿಗೆ, ಬೆಂಕಿ ಹಚ್ಚಿದ್ದರು. ಹೊಗೆ ಹಳಿಯ ಮೇಲೆ ನಿಂತಿತ್ತು. ನಾನು ಬೆನ್ನು ತಿರುಗಿಸಿ ಕೂತು ಸ್ಕ್ರೂ ಆರಿಸುತ್ತಿದ್ದೆ. ಗಂಟೆ ಬಾರಿಸಿತು. ಟಣ್. ಟಣ್. ಎರಡು, ಬಿಡಿಸಿ ಬಿಡಿಸಿ.

ಲೈನ್ ಖಾಲಿ ಐತೇನು?

ಏನು ಹೇಳಲಿ, ಯೋಚನೆಗೆ ಮೊದಲೇ ಕೈ ಹೋಯಿತು. ಅಷ್ಟು ವರ್ಷದ ಅಭ್ಯಾಸ. ಎದ್ದು ಎರಡು ಹೊಡೆದು ಉತ್ತರ ಕೊಟ್ಟೆ, ಹಿಡಿಕೆ ತಿರುಗಿಸಿದೆ. ಮುಳ್ಳು "ಗಾಡಿ ಬರುತ್ತಿದೆ" ಅನ್ನುವ ಮನೆಗೆ ಹೋಗಿ ನಿಂತಿತು. ಆಗ ನೆನಪಾಯಿತು, ಮನೆಯಲ್ಲಿ ಯಾರೂ ಇಲ್ಲ.

ಖೋಲಿಗೆ ಹೋಗಿ ನೋಡಿದೆ. ಹೊರಗಿನಿಂದ ಚಿಲಕ ಹಾಕಿದ್ದು ಹಾಗೇ ಇತ್ತು. ಒಳಗೆ ಮಶೀನಿನ ಮೇಲೆ ಹೊದಿಸಿದ್ದ ಗೋಣಿತಟ್ಟು ಹಾಗೇ ಇತ್ತು. ಇಲಿ ಅಂದುಕೊಂಡೆ. ಕರೆಂಟಿನ ಗಾಡಿ ಹೋಗಿರಬೇಕು ಅಂದುಕೊಂಡೆ. ಮೇಲಿನ ದೊಡ್ಡ ತಂತಿಯ ಸೆಳವಿಗೆ ಪಕ್ಕದ ಹಳೆಯ ತಂತಿಗಳಲ್ಲಿ ಕರೆಂಟು ಹುಟ್ಟಿ ಗಂಟೆಗಳು ತಾವೇ ಬಡಿದುಕೊಳ್ಳುವುದು ನಮ್ಮವರಿಗೆಲ್ಲ ಗೊತ್ತು. ಆದರೆ ಆಗ ಗಂಟೆ ಗುರ್ ಅನ್ನುತ್ತದೆ, ಎಣಿಸಿ ಎರಡು ಹೊಡೆಯುವುದಿಲ್ಲ. ಅಲ್ಲದೆ ಆ ಹೊತ್ತಿಗೆ ಗಾಡಿಯೂ ಇರಲಿಲ್ಲ. ಹಿತ್ತಲಿನಲ್ಲಿ ನಿಂತು ಕಿವಿಗೊಟ್ಟೆ. ಹೊಗೆಯೊಳಗಿಂದ ಇನ್ನೊಂದು ಸಪ್ಪಳ ಬರುತ್ತಿತ್ತು. ಜಲ್ಲಿಗೆ ಕೋಲು ತಾಗುವ ಸಪ್ಪಳ. ನಾಲ್ಕು ಹೆಜ್ಜೆ, ಒಂದು ಟಕ್. ನಾಲ್ಕು ಹೆಜ್ಜೆ, ಒಂದು ಟಕ್. ಮನುಷ್ಯ ಕಾಣಿಸಲಿಲ್ಲ. ಸಪ್ಪಳ ನನ್ನ ಶೆಡ್ಡಿನ ನೇರಕ್ಕೆ ಬಂದು ನಿಂತಿತು, ಬಹಳ ಹೊತ್ತು ನಿಂತಿತು, ಆಮೇಲೆ ಮುಂದೆ ಹೋಯಿತು.

ತಂತಿ ಕಿತ್ತು ಹಾಕಿದೆ, ಬ್ಯಾಟರಿ ತೆಗೆದೆ. ಮುಳ್ಳು ಅಲ್ಲೇ ನಿಂತಿತ್ತು. ಗೋಲಾ ಬೀಳುವವರೆಗೆ ಹಿಡಿಕೆ ತಿರುಗುವುದಿಲ್ಲ, ನಾನೇ ತೊಳೆದು ಕೂಡಿಸಿದ ಲಾಕು ಅಷ್ಟು ಚೊಕ್ಕವಾಗಿತ್ತು. ಮುಚ್ಚಳ ತೆಗೆದು ಬೆರಳಿನಿಂದ ಸರಿಸಬಹುದಿತ್ತು. ಕೈ ಬರಲಿಲ್ಲ. ಅವತ್ತಿನಿಂದ ಆ ಮಶೀನು ಯಾವುದೋ ಗಾಡಿಯ ದಾರಿ ಕಾಯುತ್ತ ಕೂತಿತು, ನಾನು ಅದರ ಮುಂದೆ ಕೂತೆ. ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಅದೇ ವಾರ ಚಾಚಾನ ಮಗಳು ಬಂದಳು. ಐವತ್ತರ ಹೆಂಗಸು, ಬಳೆಯಂಗಡಿ ಇಟ್ಟವಳು, ನನ್ನನ್ನು ಅಣ್ಣಾ ಅನ್ನುತ್ತಾಳೆ. ಶೆಡ್ಡಿನ ಹೊಸ್ತಿಲಲ್ಲೇ ಕುಸಿದು ಕೂತಳು.

"ಅಣ್ಣಾರ, ನಿನ್ನಿ ನಮ್ಮ ಅಬ್ಬಾ ಸ್ವಲ್ಪದ್ರಾಗ ಉಳದಾರ್ರಿ. ಹೊಸಾ ಇಂಜಿನ್ನು ಸಪ್ಪಳನ ಮಾಡಂಗಿಲ್ಲ. ಡ್ರೈವರ್ ಹಾರ್ನ್ ಹೊಡದ ಹೊಡದ. ಇವರಿಗೆ ಕೇಳಂಗಿಲ್ಲ. ಕುರಿ ಕಾಯಾಂವ ಒಬ್ಬ ಓಡಿಹೋಗಿ ಎಳಕೊಂಡ."

"ಮನ್ಯಾಗ ಕೂಡಸಬೇಕಿಲ್ಲವಾ?"

"ಬಾಗಲಾ ಹಾಕಿದ್ರ ಗ್ವಾಡಿಗೆ ತಲಿ ಬಡಕೋತಾರ. ಅದೊಂದು ಗೋಲಾ ಸಿಕ್ರ ಸಾಕು, ಮನ್ಯಾಗ ಇರತೇನಿ ಅಂತಾರ. ನಿಮ್ಮ ಹಂತ್ಯಾಕ ಅಷ್ಟು ಗೋಲಾ ಅದಾವಂತಲ್ರಿ. ಒಂದು ಕೊಡ್ರಿ. ಸಿಕ್ಕೇತಿ ಅಂತ ಹೇಳಿ ಅವರ ಕೈಯಾಗ ಇಡ್ರಿ. ಇಲ್ಲಂದ್ರ ಒಂದಿನ ನಾ ಅವರನ್ನ ಹಳಿ ಮ್ಯಾಲಿಂದ ಆರಿಸಿಕೊಂಡು ಬರಬೇಕಾಗತೈತಿ."

ಆಕೆ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆಗುತ್ತದೆ ಹೋಗವಾ ಅಂದೆ. ಆಕೆ ಕೈಮುಗಿದು ಹೋದಳು.

ಬೇರೆ ಜೋಡಿಯ ಗೋಲಾ ತಂದರೆ ನಡೆಯುವುದಿಲ್ಲ. ಒಂದೊಂದು ಜೋಡಿಗೆ ಗೋಲಾದ ಮೇಲಿನ ಗೀರು ಬೇರೆ ಬೇರೆ. ಇವುಗಳಲ್ಲೇ ಒಂದನ್ನು ಹದಿನೇಳು ಮಾಡಬೇಕು. ಖೋಲಿಯ ಮಶೀನಿನಿಂದ ನಂಬರು ಅರ್ಧ ಅಳಿಸಿಹೋಗಿದ್ದ ಒಂದನ್ನು ತೆಗೆದೆ. ಅದು ಮೂವತ್ತೊಂದು. ಕಾನಸಿನಿಂದ ಉಜ್ಜಿ, ಪಂಚು ಇಟ್ಟು ಒಂದು, ಏಳು ಹೊಡೆದೆ. ನಿಂಬೆಹುಳಿ, ಉಪ್ಪು, ಇಟ್ಟಿಗೆಪುಡಿ ಹಚ್ಚಿ ಒಂದು ವಾರ ಸೆಗಣಿಯ ತಿಪ್ಪೆಯಲ್ಲಿ ಹುಗಿದಿಟ್ಟೆ. ತೆಗೆದಾಗ ನಲವತ್ತು ವರ್ಷದ ಕಿಲುಬು ಹತ್ತಿದಂತೆ ಕಂದಾಗಿತ್ತು. ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿದೆ, ನಾಚಿಕೆಗೆಟ್ಟವನು. ಹೇಳುವ ಮಾತನ್ನೂ ಅಷ್ಟೇ ಚೊಕ್ಕವಾಗಿ ಕಟ್ಟಿದೆ: ಗೋಲಾ ಮಶೀನಿನೊಳಗೇ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಚಾಚಾನ ತಪ್ಪೂ ಇಲ್ಲ, ನನ್ನ ತಪ್ಪೂ ಇಲ್ಲ, ಎಲ್ಲ ಮಶೀನಿನದು.

ಬೆಳಿಗ್ಗೆ ಅವರ ಮನೆಗೆ ಹೋದೆ. ಕೋಲು ಹಿಡಿದು ಹೊರಡುವುದರಲ್ಲಿದ್ದರು. ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಗೋಲಾ ಕೈಯಲ್ಲಿಟ್ಟೆ, ಕಟ್ಟಿದ್ದ ಮಾತು ಒಪ್ಪಿಸಿದೆ. ಅವರು ಹೆಬ್ಬೆರಳಿನಿಂದ ನಂಬರು ಸವರಿದರು. ಒಮ್ಮೆ, ಎರಡು ಬಾರಿ.

"ಸತ್ರಾ," ಅಂದರು ಮೆಲ್ಲಗೆ.

"ಹೌದ್ರಿ ಚಾಚಾ."

"ಮಶೀನ್ ಎಲ್ಲೈತಿ? ಇದನ್ನ ನಾನ ಹಾಕಬೇಕು."

ನನ್ನ ಶೆಡ್ಡಿನ್ಯಾಗ ಐತ್ರಿ ಅಂದೆ. ಮಗಳು ಕೈಹಿಡಿದು ಕರೆತಂದಳು. ಶೆಡ್ಡಿಗೆ ಕಾಲಿಟ್ಟವರೇ ಯಾರೂ ತೋರಿಸದೆ ನೇರ ಮಶೀನಿನ ಮುಂದೆ ಹೋಗಿ ನಿಂತರು. ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಗಾಡಿ ಬರಾಕತ್ತೈತಿ," ಅಂದರು, ತಮ್ಮಷ್ಟಕ್ಕೇ. ಹದಿನೈದು ದಿನದಿಂದ ಆ ಮುಳ್ಳು ಹಾಗೆ ನಿಂತಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಸತ್ರಾ!" ಅಂತ ಕೂಗಿದರು. ಆ ಮುದುಕನ ಎದೆಯಿಂದ ಅಂಥ ಧ್ವನಿ ಬರುತ್ತದೆಂದು ಯಾರೂ ಅನ್ನುತ್ತಿರಲಿಲ್ಲ. ಹಳೆಯ ಸ್ಟೇಷನ್ನಿನ ಧ್ವನಿ ಅದು. ಗೋಲಾ ಬಿಟ್ಟರು. ಒಳಗೆ ಉರುಳಿ ಕೆಳಗೆ ಬಿತ್ತು. ಖಟ್ ಅಂತ ಲಾಕು ಬಿಟ್ಟಿತು. ಹಿಡಿಕೆ ತಿರುಗಿಸಿದರು, ಮುಳ್ಳು ನೆಟ್ಟಗಾಯಿತು. ಆಮೇಲೆ ಗುಂಡಿ ಒತ್ತಿ ನಾಲ್ಕು ಗಂಟೆ ಹೊಡೆದರು. ಗಾಡಿ ಪೂರ್ತಿ ಬಂದಿದೆ ಎಂಬ ಗಂಟೆ. ಹೊಡೆದು ಗುಂಡಿಯ ಮೇಲೆ ಬೆರಳಿಟ್ಟು ತಲೆ ಬಗ್ಗಿಸಿ ನಿಂತರು.

ಉತ್ತರಕ್ಕೆ ಕಾಯುತ್ತಿದ್ದಾರೆಂದು ಗೊತ್ತಾಗಲು ನನಗೆ ತುಸು ಹೊತ್ತು ಬೇಕಾಯಿತು. ತಂತಿ ಕಿತ್ತು ಹಾಕಿದ್ದವನು ನಾನೇ. ಈ ಕಡೆಯ ಬ್ಯಾಟರಿಯೂ ಗೂಡಿನಲ್ಲಿತ್ತು. ಹಾಗಿದ್ದರೆ ಅವರು ಒತ್ತಿದಾಗ ನಾಲ್ಕು ಸಪ್ಪಳ ಕೇಳಿಸಿದ್ದು ಹೇಗೆ? ಗುಂಡಿ ತಗಡಿಗೆ ಬಡಿದ ಸಪ್ಪಳವೇ ಇರಬೇಕು. ಇರಬೇಕು ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ. ಚಾಚಾ ಕದಲದೆ ನಿಂತಿದ್ದರು. ಮಗಳು ನನ್ನ ಮುಖ ನೋಡಿದಳು. ಹೊರಗೆ ಒಂದು ಗಾಡಿ ಬಂದು ದಾಟಿ ಹೋಯಿತು. ಆ ಕಡೆಯಿಂದ ಉತ್ತರ ಬರಲಿಲ್ಲ.

"ಜವಾಬ್ ಇಲ್ಲ," ಅಂದರು. "ಜವಾಬ್ ಬರಲಿಲ್ಲಂದ್ರ ಏನ್ ಮಾಡಬೇಕೋ ತಮ್ಮಾ?"

ಅವರೇ ಹೇಳಿದರು. "ಎಣಸಬೇಕು. ಎರಡೂ ಮಶೀನ್ ತಗಿ."

ನೆಲದ ಮೇಲೆ ಗೋಣಿತಟ್ಟು ಹಾಸಿದೆ. ಎರಡೂ ಮಶೀನಿನ ಗೋಲಾಗಳನ್ನು ಅದರ ಮೇಲೆ ಸುರಿದೆ. ಆಗಲೂ ನನಗೆ ಹೊಳೆದಿರಲಿಲ್ಲ. ಹದಿನೇಳು, ಹದಿನೇಳು ಅಂತ ಆ ಒಂದು ನಂಬರಿನ ಹಿಂದೆ ಬಿದ್ದು ಬೇರೆ ನಂಬರುಗಳು ತಲೆಯಿಂದಲೇ ಹೋಗಿದ್ದವು. ಗೋಲಾಗಳ ಕೆಲಸದಲ್ಲೇ ಕೂದಲು ಬೆಳ್ಳಗಾದವನು ಮಾಡುವ ತಪ್ಪೇ ಅದು? ಚಾಚಾ ಕಾಲು ಚಾಚಿ ಕೂತು ಕಣ್ಣು ಮುಚ್ಚಿದರು. ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಓದಿ, ಸಾಲಿನಲ್ಲಿ ಅದರ ಜಾಗ ಅಂದಾಜು ಮಾಡಿ ಇಡುತ್ತ ಹೋದರು. ಎಲ್ಲ ಇಟ್ಟಾದ ಮೇಲೆ ಮೊದಲಿನಿಂದ ಮುಟ್ಟುತ್ತ ಕೂಗಿದರು.

"ಏಕ್. ದೋ. ತೀನ್."

ನಡುವೆ ಎಲ್ಲೂ ನಿಲ್ಲಲಿಲ್ಲ. "ಸತ್ರಾ" ಅಂದಾಗ ಮಗಳ ಕಣ್ಣಲ್ಲಿ ನೀರು ಬಂತು. "ಉಂತೀಸ್. ತೀಸ್." ಮುಂದಿನದನ್ನು ಮುಟ್ಟಿದರು. "ಬತ್ತೀಸ್." ಕೈ ನಿಂತಿತು. ಹಿಂದೆ ಬಂತು. ಮೂವತ್ತನ್ನು ಮುಟ್ಟಿತು, ಮೂವತ್ತೆರಡನ್ನು ಮುಟ್ಟಿತು, ಎರಡರ ನಡುವೆ ಗೋಣಿತಟ್ಟನ್ನು ಸವರಿತು.

"ಇಕತೀಸ್ ಎಲ್ಲಿ?"

ಅವರು ಹದಿನೇಳನ್ನು ಎತ್ತಿಕೊಂಡು ನಂಬರಿನ ಅಂಚಿಗೆ ಉಗುರು ಹಾಕಿ ಕೆರೆದರು, ಮೂಗಿಗೆ ಹಿಡಿದರು. ಸೆಗಣಿಯ ವಾಸನೆ ಇನ್ನೂ ಇತ್ತೇನೋ. ಪೊರೆ ಬಂದ ಕಣ್ಣು ತೆರೆದು ನನ್ನ ಕಡೆ ತಿರುಗಿದರು.

"ಇಕತೀಸ್ ಇದು. ಖರೇ ಸತ್ರಾ ಎಲ್ಲೈತಿ ಅಂತ ಗೊತ್ತಿಲ್ಲದಂವ ಸುಳ್ಳು ಸತ್ರಾ ಮಾಡಂಗಿಲ್ಲ. ಸಿಗೂದಿಲ್ಲ ಅಂತ ಗೊತ್ತಿದ್ದಂವ ಮಾಡತಾನ. ಎಲ್ಲೈತಿ?"

ಹೇಳಿದೆ. ಎಲ್ಲ ಹೇಳಿದೆ. ಕಿಸೆಗೋಲಾ, ಹತಾರದ ಚೀಲ, ಸೇತುವೆ, ಲಾಕು ಸವೆದಿದೆ ಅಂದ ಮಾತು. ಹೇಳುತ್ತ ಹೇಳುತ್ತ ನೆಲದ ಮೇಲೆ ಕೂತುಬಿಟ್ಟಿದ್ದೆ. ಮಗಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಅಣ್ಣಾ ಅಂತಿದ್ನಲ್ಲೋ ನಿನಗ," ಅಂದಳು. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಬೈಗುಳ ನಾನು ಕೇಳಿಲ್ಲ.

ಚಾಚಾ ಬೈಯಲಿಲ್ಲ. ತಮ್ಮ ಬಲಗೈಯನ್ನು ಮುಖದ ಹತ್ತಿರ ತಂದುಕೊಂಡು ಅಂಗೈ ನೋಡುತ್ತಿದ್ದರು. ಅದನ್ನು ಮೆಲ್ಲಗೆ ಗಲ್ಲಕ್ಕೆ ಒತ್ತಿಕೊಂಡರು. "ಇತ್ತು ಬೇಟಿ," ಅಂದರು ಮಗಳಿಗೆ. "ಕೈಯಾಗ ಇತ್ತು. ನಾ ನೋಡೇ ಕೂಗೀನಿ." ಆಮೇಲೆ ಅತ್ತರು. ಎಂಬತ್ತು ದಾಟಿದ ಮನುಷ್ಯ ಹಾಗೆ ಅಳುವುದನ್ನು ನಾನು ನೋಡಬಾರದಿತ್ತು.

ಏಳುವಾಗ ನನ್ನ ಭುಜ ಹಿಡಿದೇ ಎದ್ದರು. ಒಂದೇ ಮಾತು ಕೇಳಿದರು.

"ಯಾವ ಕಂಬದ ಹಂತ್ಯಾಕ ಒಗದಿ?"

"ಮೂರನೇದರಿ. ನಮ್ಮ ದಂಡಿ ಕಡಿಯಿಂದ."

ಮರುದಿನ ಸೂರ್ಯ ಹುಟ್ಟುವ ಮೊದಲೇ ಮಗಳ ಫೋನು ಬಂತು. "ಅಬ್ಬಾ ಹಳಿ ಕಡಿ ಹೋಗಿಲ್ಲ. ಹೊಳಿ ಕಡಿ ಹೋಗ್ಯಾರ. ಅಂಗಡಿ ಹುಡಿಗಿ ನೋಡ್ಯಾಳಂತ." ಅಷ್ಟು ಹೇಳಿ ಇಟ್ಟಳು. ಅಣ್ಣಾ ಅನ್ನಲಿಲ್ಲ.

ಸೈಕಲ್ ಮೋಟರು ಒದ್ದು ಚಾಲೂ ಮಾಡಿ ಹೊಳೆಗೆ ಓಡಿದೆ. ನೀರು ಇಳಿದ ದಿನಗಳು. ಮಂಜು ಹೊಳೆಯ ಮೇಲೆ ಬಿದ್ದಿತ್ತು, ಸೇತುವೆಯ ಕಂಬಗಳ ಅರ್ಧ ಮಾತ್ರ ಕಾಣುತ್ತಿತ್ತು. ಆ ಮಡುವಿನಲ್ಲಿ ಮೊಸಳೆ ಇದೆ ಅಂತ ಎಮ್ಮೆ ಮೈತೊಳೆಯುವವರೂ ಆ ಕಡೆ ಹೋಗುವುದಿಲ್ಲ. ಮೂರನೆಯ ಕಂಬದ ನೇರಕ್ಕೆ ದಡದ ಕಲ್ಲಿನ ಮೇಲೆ ಚಾಚಾ ಕೂತಿದ್ದರು. ಲುಂಗಿ ತೊಡೆಯವರೆಗೆ ಒದ್ದೆಯಾಗಿತ್ತು, ಆಗಲೇ ಒಮ್ಮೆ ಇಳಿದು ಬಂದಿದ್ದಾರೆ. ಮೈ ನಡುಗುತ್ತಿತ್ತು.

"ಚಾಚಾ, ನಡೀರಿ ಮನಿಗೆ. ಕಾಲ ಬೀಳತೇನಿ. ನೀರಾಗ ಮೊಸಳಿ ಐತ್ರಿ."

"ಗೊತ್ತೈತಿ," ಅಂದರು.

"ನಲವತ್ತ ವರ್ಷದ ಹೂಳ್ರಿ. ಸಿಗಂಗಿಲ್ಲರಿ ಅದು."

"ಹಳಿ ಮ್ಯಾಲೂ ಸಿಗತಿರಲಿಲ್ಲ. ನೀ ಗೊತ್ತಿದ್ದೂ ಸುಮ್ಮಕ ನೋಡಿದಿ." ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಕೋಲನ್ನು ನನ್ನ ಕಡೆ ಚಾಚಿದರು. "ನಾ ಹುಡುಕಿದ್ದು ಆತು. ನಾ ಇನ್ನ ಇಲ್ಲೇ ಕೂಡತೇನಿ. ನೀ ಇಳಿ."

ಕೋಲು ತೆಗೆದುಕೊಂಡೆ. ಚಪ್ಪಲಿ ಕಳಚಿ ಇಳಿದೆ. ಕೆಸರು ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಮೊಣಕಾಲಿನ ಮೇಲೆ ನೀರು ಬಂದಾಗ ನಿಂತು ತಿರುಗಿ ನೋಡಿದೆ. ಮಂಜಿನಲ್ಲಿ ದಡ ಕಾಣಲಿಲ್ಲ, ಅವರ ಧ್ವನಿ ಮಾತ್ರ ಬಂತು.

"ಇನ್ನೂ ಮುಂದ."

ಸಾವಕಾರರು ಬಂದು ಮಶೀನು ಒಯ್ದರು. ಚಾಚಾ ಹಳಿಯ ಕಡೆ ಆಮೇಲೆ ಒಂದು ದಿನವೂ ಹೋಗಿಲ್ಲ. ಅವರ ಮಗಳು ನನ್ನ ಜೊತೆ ಮಾತಾಡದಿದ್ದರೂ ಆ ಮಟ್ಟಿಗೆ ನಿಶ್ಚಿಂತೆಯಿಂದ ಇದ್ದಾಳಂತೆ. ಬೆಳಗಾದರೆ ನಾನೇ ಅವರನ್ನು ಹೊಳೆಗೆ ಕರೆದುಕೊಂಡು ಹೋಗುತ್ತೇನೆ. ನಮ್ಮಾಕಿ ಬಾಗಿಲಲ್ಲಿ ಅಡ್ಡ ನಿಂತು ಅತ್ತು ನೋಡಿದಳು, ಬೈದು ನೋಡಿದಳು. ಅವರು ಕಲ್ಲಿನ ಮೇಲೆ ಕೂಡುತ್ತಾರೆ. ನಾನು ನಿಂತಲ್ಲೆಲ್ಲ ಇನ್ನೂ ಮುಂದ ಅನ್ನುತ್ತಾರೆ, ನಾನು ಹೋಗುತ್ತೇನೆ.